ಬಾಗಿಲಿಗೊಂದು ಬೆಳ್ಳಿ, ಫೆಂಡರಿಗೊಂದು ಬೆಳ್ಳಿ

ಕಾರಿನ ಬಾನೆಟ್ ಎತ್ತಿ ನೋಡಿ, ಇಲ್ಲವೇ ಮುಂಬಾಗಿಲು ತೆರೆದು ಅದರ ಚೌಕಟ್ಟಿನತ್ತ ಕಣ್ಣು ಹಾಯಿಸಿ. ಎಲ್ಲೋ ಒಂದು ಕಡೆ ತಗಡಿನ ಪುಟ್ಟ ಫಲಕವೋ ಸ್ಟಿಕ್ಕರ್ರೋ ಅಂಟಿಕೊಂಡಿರುತ್ತದೆ. ಅದರ ಮೇಲಿನ ಅಂಕಿ-ಅಕ್ಷರಗಳ ಸಂತೆಯಲ್ಲಿ ಆ ಕಾರಿನ ಬಣ್ಣದ ಗುರುತೂ ಇರುತ್ತದೆ. ಮಾರುತಿಯ ‘ಸುಪೀರಿಯರ್ ವೈಟ್’ ಆದರೆ 26ಯು, ‘ಸಿಲ್ಕಿ ಸಿಲ್ವರ್’ ಆದರೆ ಝಡ್2ಎಸ್, ಟೊಯೋಟಾದ ‘ಸೂಪರ್ ವೈಟ್’ ಆದರೆ 040. ಗೇಟಿಗೆ ಉಜ್ಜಿ ಬಾಗಿಲು ಗೀಚಿಸಿಕೊಂಡವರಿಗೆ ಈ ಗುರುತು ಸಿಕ್ಕಿದ ಕೂಡಲೇ ಅರ್ಧ ಕೆಲಸ ಮುಗಿಯಿತು ಅನ್ನಿಸುತ್ತದೆ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಗೆ ಹೋಗುವುದು, ನಂಬರ್ ಹೇಳಿ ಡಬ್ಬಿ ತರುವುದು, ಗ್ಯಾರೇಜಿನಲ್ಲಿ ಹೊಡೆಸುವುದು, ಅಷ್ಟೇ ತಾನೆ?

ಹೊಡೆಸಿದ ಮೇಲೆ ಬಿಸಿಲಿಗೆ ತಂದು ನೋಡಿದರೆ ಬಾಗಿಲು ಒಂದು ಬೆಳ್ಳಿ, ಪಕ್ಕದ ಫೆಂಡರ್ ಇನ್ನೊಂದು ಬೆಳ್ಳಿ. ಪೇಂಟರ್ ಕೈಕೊಟ್ಟ ಎನ್ನುತ್ತಾರೆ ಮಾಲೀಕರು. ಅಂಗಡಿಯವನು ತಪ್ಪು ಕಲಸಿದ ಎನ್ನುತ್ತಾನೆ ಪೇಂಟರ್. ಕಂಪ್ಯೂಟರ್ ಹೇಳಿದ್ದನ್ನೇ ತೂಗಿ ಹಾಕಿದ್ದೇನೆ ಎನ್ನುತ್ತಾನೆ ಅಂಗಡಿಯವನು. ಬಹಳಷ್ಟು ಸಲ ಮೂವರೂ ನಿರಪರಾಧಿಗಳು.

ಆ ಗುರುತು ಹೇಳುವುದು ಕಾರ್ಖಾನೆ ಯಾವ ಬಣ್ಣ ಬಳಿಯಲು ಹೊರಟಿತ್ತು ಎಂಬುದನ್ನಷ್ಟೇ. ಒಂದೇ ಗುರುತಿನ ಬಣ್ಣವನ್ನು ಹಲವು ವರ್ಷ, ಕೆಲವೊಮ್ಮೆ ಬೇರೆ ಬೇರೆ ಕಾರ್ಖಾನೆಗಳಲ್ಲಿ, ಬೇರೆ ಬೇರೆ ಕಂಪನಿಗಳ ಡ್ರಮ್ಮುಗಳಿಂದ ಬಳಿದಿರುತ್ತಾರೆ. ಒಂದು ಖೇಪು ಕೂದಲೆಳೆಯಷ್ಟು ಹಳದಿಗೆ ವಾಲಿದರೆ ಇನ್ನೊಂದು ನೀಲಿಗೆ ವಾಲುತ್ತದೆ. ರಿಪೇರಿ ಬಣ್ಣ ಮಾರುವ ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಅವರು ಒಂದೊಂದು ಗುರುತಿಗೂ ಹಲವು ‘ವೇರಿಯಂಟ್’ಗಳ ಸೂತ್ರ ಇಟ್ಟುಕೊಂಡಿರುತ್ತಾರೆ: ತುಸು ಗಾಢವಾದದ್ದು, ತುಸು ಹಸಿರಿಗೆ ಹೋಗುವುದು, ಒಳಗಿನ ಮಿನುಗು ಚಕ್ಕೆ ಒರಟಾಗಿರುವುದು, ಹೀಗೆ. ಬಣ್ಣ ಕೂಡಿಸುವ ತಲೆನೋವೇ ಬೇಡವೆಂದರೆ ಹೆನ್ರಿ ಫೋರ್ಡ್ ದಾರಿ ಇತ್ತು. 1914ರಿಂದ 1925ರವರೆಗೆ ಮಾಡೆಲ್ ಟಿ ಕಾರುಗಳು ಕಪ್ಪಿನಲ್ಲಿ ಮಾತ್ರ ಬಂದವು. 1920ರ ದಶಕದ ನಡುವಿನಲ್ಲಿ ಡ್ಯೂಪಾಂಟ್ ಕಂಪನಿಯ ‘ಡ್ಯೂಕೊ’ ಎಂಬ ಬೇಗ ಒಣಗುವ ಲ್ಯಾಕರ್ ಬಂದು, ಜನರಲ್ ಮೋಟರ್ಸ್ ಬಣ್ಣಬಣ್ಣದ ಕಾರುಗಳನ್ನು ಬೀದಿಗಿಳಿಸಿತು. ಟಚಪ್ ಪೇಂಟರ್‌ಗಳ ಕಷ್ಟ ಶುರುವಾದದ್ದು ಅಲ್ಲಿಂದ.

ಬಣ್ಣ ಎಂದು ನಾವು ಸುಮ್ಮನೆ ಕರೆಯುವುದು ಪದರಗಳ ಒಂದು ಅಟ್ಟಿಯನ್ನು. ಕಾರ್ಖಾನೆಯಲ್ಲಿ ಉಕ್ಕಿನ ಒಡಲನ್ನು ಮೊದಲು ಫಾಸ್ಫೇಟ್ ದ್ರಾವಣದಲ್ಲಿ ತೊಳೆದು, ಆಮೇಲೆ ದೊಡ್ಡ ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಿ ವಿದ್ಯುತ್ ಹರಿಸಿ ತುಕ್ಕು ತಡೆಯುವ ಲೇಪ ಕೂರಿಸುತ್ತಾರೆ. ಅದರ ಮೇಲೆ ಪ್ರೈಮರ್. ಅದರ ಮೇಲೆ ನಿಜವಾದ ಬಣ್ಣವಾದ ಬೇಸ್ ಕೋಟ್, ಸುಮಾರು 15 ಮೈಕ್ರಾನ್. ಕೊನೆಗೆ ಗಾಜಿನಂಥ ಕ್ಲಿಯರ್ ಕೋಟ್, ಸುಮಾರು 40 ಮೈಕ್ರಾನ್. ಎಲ್ಲ ಸೇರಿ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ನಾವು ಲಕ್ಷಗಟ್ಟಲೆ ಕೊಟ್ಟು ಆರಿಸುವ ಬಣ್ಣ ಅದರ ಕಾಲುಭಾಗವೂ ಇಲ್ಲ. ಕಾರ್ಖಾನೆ ಇದನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ಬೇಯಿಸುತ್ತದೆ. ಸೀಟು, ವೈರು, ಪ್ಲಾಸ್ಟಿಕ್ಕು ಎಲ್ಲ ಕೂತಿರುವ ಕಾರನ್ನು ಗ್ಯಾರೇಜಿನವರು ಅಷ್ಟು ಕಾಯಿಸುವಂತಿಲ್ಲ. ಹಾಗಾಗಿ ಹಾರ್ಡ್ನರ್ ಬೆರೆಸಿದ ಕೂಡಲೇ ತಾನಾಗಿಯೇ ಗಟ್ಟಿಯಾಗತೊಡಗುವ ಬೇರೆ ರಸಾಯನವನ್ನು ಬಳಸಿ, 60 ಡಿಗ್ರಿಯ ಬೂತಿನಲ್ಲೋ ಬರಿಯ ಗಾಳಿಯಲ್ಲೋ ಒಣಗಿಸುತ್ತಾರೆ. ಅಂಟು ಬೇರೆ, ಒಣಗುವ ಬಗೆ ಬೇರೆ, ಎಷ್ಟೋ ಸಲ ಒಳಗಿನ ವರ್ಣಕಗಳೂ ಬೇರೆ. ಕಾಣುವುದು ಮಾತ್ರ ಒಂದೇ ಆಗಿರಬೇಕು ಎಂದು ನಮ್ಮ ಹಟ.

ಇದರ ಜೊತೆಗೆ ಬಿಸಿಲು. ಬಿಳಿಗೆ ಬಳಸುವ ಟೈಟಾನಿಯಂ ಡೈಆಕ್ಸೈಡ್, ಕಾವಿ ಬಣ್ಣದ ಕಬ್ಬಿಣದ ಆಕ್ಸೈಡ್, ಕಪ್ಪಿಗೆ ಬಳಸುವ ಇಂಗಾಲ, ಇವು ಬಿಸಿಲಿಗೆ ಜಗ್ಗುವುದಿಲ್ಲ. ಕೆಂಪು ಮತ್ತು ಕೆಲವು ಹಳದಿಗಳಿಗೆ ಬಳಸುವ ಸಾವಯವ ವರ್ಣಕಗಳ ಅಣುಗಳನ್ನು ಅತಿನೇರಳೆ ಕಿರಣ ವರ್ಷಗಟ್ಟಲೆ ಬಡಿದು ಬಡಿದು ಒಡೆಯುತ್ತದೆ. ಕ್ಲಿಯರ್ ಕೋಟಿನಲ್ಲಿ ಆ ಕಿರಣವನ್ನು ಹೀರುವ ವಸ್ತು ಬೆರೆಸಿರುತ್ತಾರೆ, ಆದರೆ ಅದೂ ಶಾಶ್ವತವಲ್ಲ. ರಸ್ತೆಬದಿಯಲ್ಲಿ ಸದಾ ಒಂದೇ ದಿಕ್ಕಿಗೆ ನಿಲ್ಲಿಸಿದ ಕೆಂಪು ಕಾರಿನ ಎಡ ಬಲ ಮಗ್ಗುಲುಗಳೇ ಒಂದಕ್ಕೊಂದು ಹೊಂದದಿರಬಹುದು. ಅನುಭವಸ್ಥ ಪೇಂಟರ್‌ಗಳು ಪೆಟ್ರೋಲ್ ಟ್ಯಾಂಕಿನ ಹೊರಮುಚ್ಚಳ ಬಿಚ್ಚಿಕೊಂಡು ಬಣ್ಣದ ಅಂಗಡಿಗೆ ಹೋಗುವುದನ್ನು ನೀವು ನೋಡಿರಬಹುದು. ಬಿಸಿಲು ತಿಂದ ಬಣ್ಣದ ನಿಜವಾದ ಸ್ಯಾಂಪಲ್ ಅದು. ತಂದು ಮೊದಲು ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜುತ್ತಾರೆ. ಮಾಸಿದ ಮೇಲ್ಮೈ ಬೆಳಕನ್ನು ಚದುರಿಸಿ ಬಣ್ಣವನ್ನು ಪೇಲವವಾಗಿ ತೋರಿಸುತ್ತದೆ. ಆ ಕೊಳೆಗೆ ಹೊಂದುವ ಬಣ್ಣ ಕಲಸಿದರೆ, ನಾಳೆ ಕಾರು ತೊಳೆದು ಪಾಲಿಶ್ ಮಾಡಿದಾಗ ಗುಟ್ಟು ರಟ್ಟಾಗುತ್ತದೆ.

ಬಿಳಿ ಸುಲಭ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಚಕ್ಕೆ ಇಲ್ಲದ ಬಿಳಿ ಬೆಳ್ಳಿಗಿಂತ ಸುಲಭ, ನಿಜ. ಆದರೆ ಯಾವ ಕಾರಿನ ಬಿಳಿಯೂ ಬರಿಯ ಬಿಳಿಯಲ್ಲ. ಅದರಲ್ಲಿ ಚಿಟಿಕೆ ಕಪ್ಪು, ಚಿಟಿಕೆ ಹಳದಿ, ಕೆಲವೊಮ್ಮೆ ಒಂದಿಷ್ಟು ನೀಲಿ ಇರುತ್ತದೆ. ಅಂಗಡಿಯ ತಕ್ಕಡಿ 0.1 ಗ್ರಾಂವರೆಗೆ ತೂಗುವುದು ಇದಕ್ಕಾಗಿಯೇ. ಸಣ್ಣ ಡಬ್ಬಿಯ ಬಿಳಿಗೆ ಕಪ್ಪು ಒಂದೆರಡು ಹನಿ ಹೆಚ್ಚು ಬಿದ್ದರೆ ಆ ಡಬ್ಬಿ ಇನ್ನೊಂದು ಕಾರಿಗೆ.

ಬೆಳ್ಳಿಗೆ ಬರೋಣ. ಈ ಅಧ್ಯಾಯದ ತಿರುಳು ಅಲ್ಲಿದೆ.

ಮೆಟಾಲಿಕ್ ಬಣ್ಣದಲ್ಲಿ ಅಲ್ಯೂಮಿನಿಯಂನ ಸೂಕ್ಷ್ಮ ಚಕ್ಕೆಗಳಿರುತ್ತವೆ. ಅಗಲ 10ರಿಂದ 30 ಮೈಕ್ರಾನ್, ದಪ್ಪ 1 ಮೈಕ್ರಾನಿಗಿಂತ ಕಡಿಮೆ. ಅಂಚು ಹರಿದ ಚಕ್ಕೆಗೆ ತಯಾರಕರು ‘ಕಾರ್ನ್‌ಫ್ಲೇಕ್’ ಎನ್ನುತ್ತಾರೆ, ನಾಣ್ಯದಂತೆ ದುಂಡಗಿನ ನುಣುಪು ಚಕ್ಕೆಗೆ ‘ಸಿಲ್ವರ್ ಡಾಲರ್’. ಎರಡನೆಯದರ ಮಿನುಗು ಹೆಚ್ಚು. ಪ್ರತಿ ಚಕ್ಕೆಯೂ ಒಂದು ಕನ್ನಡಿ. ಎಲ್ಲ ಕನ್ನಡಿಗಳೂ ತಗಡಿಗೆ ಸಮಾಂತರವಾಗಿ ಮಲಗಿದ್ದರೆ ಎದುರಿನಿಂದ ನೋಡುವವರಿಗೆ ಬಣ್ಣ ಝಗಮಗ ಬೆಳಗುತ್ತದೆ, ಓರೆಯಿಂದ ನೋಡುವವರಿಗೆ ಕಪ್ಪಾಗುತ್ತದೆ. ಕನ್ನಡಿಗಳು ಅಡ್ಡಾದಿಡ್ಡಿ ನಿಂತಿದ್ದರೆ ಎದುರಿನ ಹೊಳಪು ಇಳಿದು ಓರೆನೋಟ ತಿಳಿಯಾಗುತ್ತದೆ. ನೋಡುವ ಕೋನ ಬದಲಾದಂತೆ ಬಣ್ಣ ಹೀಗೆ ಬದಲಾಗುವುದನ್ನು ಕಸುಬಿನವರು ‘ಫ್ಲಾಪ್’ ಎನ್ನುತ್ತಾರೆ. ನಿಲ್ಲಿಸಿದ ಬೆಳ್ಳಿಬಣ್ಣದ ಕಾರಿನ ಸುತ್ತ ಒಮ್ಮೆ ನಿಧಾನವಾಗಿ ನಡೆದು ಬಂದರೆ, ಒಂದೇ ಬಾಗಿಲು ಬಿಳಿಯಿಂದ ಬೂದಿಬಣ್ಣಕ್ಕೆ ಹೋಗಿ ಬರುವುದು ಕಾಣುತ್ತದೆ.

ಹಾಗಾದರೆ ಚಕ್ಕೆಗಳನ್ನು ಮಲಗಿಸುವವರು ಯಾರು? ಆವಿಯಾಗುವ ಥಿನ್ನರ್. ಸಿಂಪಡಿಸಿದ ಹಸಿ ಪದರ ದಪ್ಪವಾಗಿರುತ್ತದೆ. ದ್ರವ ಆರುತ್ತಾ ಹೋದಂತೆ ಪದರ ಕುಗ್ಗುತ್ತದೆ, ತನ್ನ ಅಗಲಕ್ಕಿಂತ ತೆಳ್ಳಗಾಗುತ್ತಿರುವ ಕೋಣೆಯಲ್ಲಿ ಚಕ್ಕೆಗೆ ಅಡ್ಡ ಬೀಳದೆ ಬೇರೆ ದಾರಿಯಿಲ್ಲ. ಎಷ್ಟು ಬೇಗ ಆರುತ್ತದೆ, ಎಷ್ಟು ದಪ್ಪ ಬೀಳುತ್ತದೆ ಎಂಬುದರ ಮೇಲೆ ಅವು ಮಲಗುವ ಭಂಗಿ ನಿಂತಿದೆ. ಅಂದರೆ ಬಣ್ಣ ಡಬ್ಬಿಯಲ್ಲಿ ಅರ್ಧ ಮಾತ್ರ ಇರುತ್ತದೆ. ಉಳಿದರ್ಧ ಪೇಂಟರ್‌ನ ಮಣಿಕಟ್ಟಿನಲ್ಲಿ.

ಅವನ ಕೈಯನ್ನೇ ಸ್ವಲ್ಪ ಗಮನಿಸಿ. ಸ್ಪ್ರೇ ಗನ್ನನ್ನು ಗೇಣುದ್ದ ದೂರದಲ್ಲಿ, ತಗಡಿಗೆ ನೇರವಾಗಿ ಹಿಡಿದು, ಒಂದೇ ವೇಗದಲ್ಲಿ ಈ ತುದಿಯಿಂದ ಆ ತುದಿಗೆ ಎಳೆಯುತ್ತಾನೆ. ಪ್ರತಿ ಎಳೆತವೂ ಹಿಂದಿನದರ ಅರ್ಧವನ್ನು ಮುಚ್ಚುತ್ತದೆ. ಗನ್ ಎರಡು ಬೆರಳು ಹಿಂದೆ ಸರಿದರೆ ಹನಿಗಳು ಗಾಳಿಯಲ್ಲೇ ಅರ್ಧ ಒಣಗಿ ತಗಡಿಗೆ ಬಂದು ಕೂರುತ್ತವೆ. ಚಕ್ಕೆಗಳು ಮೇಲ್ಗಡೆಯೇ ಚಪ್ಪಟೆಯಾಗಿ ನಿಂತು ಬಣ್ಣ ತಿಳಿಯಾಗುತ್ತದೆ. ಗನ್ ಹತ್ತಿರ ಬಂದರೆ, ಕೈ ನಿಧಾನವಾದರೆ, ಪದರ ಒದ್ದೆಯಾಗಿ ಬಿದ್ದು ಚಕ್ಕೆಗಳು ಅದರೊಳಗೆ ಈಜಾಡಿ ಹೇಗೆಂದರೆ ಹಾಗೆ ನಿಲ್ಲುತ್ತವೆ, ಬಣ್ಣ ಗಾಢವಾಗುತ್ತದೆ. ಕಂಪ್ರೆಸರ್ ಒತ್ತಡ ಏರಿಸಿದರೆ ತಿಳಿ, ಇಳಿಸಿದರೆ ಗಾಢ. ಬೇಗ ಆರುವ ಥಿನ್ನರ್ ಹಾಕಿದರೆ ತಿಳಿ, ನಿಧಾನದ್ದಾದರೆ ಗಾಢ. ಏಪ್ರಿಲ್ ತಿಂಗಳ ರಾಯಚೂರಿನ ಮಧ್ಯಾಹ್ನಕ್ಕೂ ಜುಲೈ ತಿಂಗಳ ಮಡಿಕೇರಿಯ ಮಧ್ಯಾಹ್ನಕ್ಕೂ ಒಂದೇ ಡಬ್ಬಿ ಎರಡು ಬೆಳ್ಳಿ ಕೊಡುತ್ತದೆ. ಕಾರ್ಖಾನೆಯಲ್ಲಾದರೋ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಗಂಟೆಯಾಕಾರದ ಯಂತ್ರ, ಹನಿಗಳಿಗೆ ವಿದ್ಯುದಾವೇಶ ಕೊಟ್ಟು ಉಡಾಯಿಸಿರುತ್ತದೆ. ಗ್ಯಾರೇಜಿನವನು ಗಾಳಿಯ ಗನ್ನಿನಿಂದ ಅದೇ ಭಂಗಿಯನ್ನು ಮರಳಿ ಪಡೆಯಬೇಕು.

ಅದಕ್ಕೆ ಅವನಲ್ಲಿರುವ ಉಪಾಯ ಒಂದು ಕಾರ್ಡು. ಅಂಗೈಯಗಲದ ತಗಡಿಗೋ ದಪ್ಪ ಕಾಗದಕ್ಕೋ ಕಾರಿಗೆ ಹೊಡೆಯುವಂತೆಯೇ ಪ್ರೈಮರ್ ಹೊಡೆದು, ಅಷ್ಟೇ ಸಲ ಬೇಸ್ ಎಳೆದು, ಕ್ಲಿಯರ್ ಹಾಕಿ ಒಣಗಿಸಿ, ಹಗಲಲ್ಲಿ ಬಾಗಿಲ ಪಕ್ಕ ಹಿಡಿಯುತ್ತಾನೆ. ಮೊದಲು ನೇರವಾಗಿ, ಆಮೇಲೆ ಓರೆಯಾಗಿ. ಕ್ಲಿಯರ್ ಹಾಕದೆ ನೋಡುವುದು ವ್ಯರ್ಥ. ಬರಿಯ ಬೇಸ್ ಒಣಗಿದಾಗ ಒರಟಾದ ಮೇಲ್ಮೈ ಬಿಳಿ ಬೆಳಕನ್ನು ಎಲ್ಲೆಡೆ ಚೆಲ್ಲಿ ಬಣ್ಣವನ್ನು ಮಂಕಾಗಿಸಿರುತ್ತದೆ. ಮೇಲೆ ಕ್ಲಿಯರ್ ಬಿದ್ದು ನುಣುಪಾದ ಮೇಲೆಯೇ ಅದು ತನ್ನ ಆಳಕ್ಕೆ ಇಳಿಯುವುದು. ಪ್ರೈಮರ್‌ನ ಬೂದಿ ಎಷ್ಟು ಗಾಢ ಎಂಬುದೂ ಮುಖ್ಯ, ಏಕೆಂದರೆ ಎಷ್ಟೋ ಕೆಂಪು, ಹಳದಿಗಳು ತಳವನ್ನು ಪೂರ್ತಿ ಮುಚ್ಚುವುದಿಲ್ಲ. ಈ ಕಾರ್ಡಿಗೆ ಅರ್ಧ ಗಂಟೆ ಹಿಡಿಯುತ್ತದೆ ಎಂದು ಬಿಟ್ಟುಬಿಡುವವರೇ ಹೆಚ್ಚು. ನನ್ನ ಮಟ್ಟಿಗೆ ಒಳ್ಳೆಯ ಗ್ಯಾರೇಜಿನ ಗುರುತು ಅಲ್ಲಿನ ದೊಡ್ಡ ಬೂತಲ್ಲ, ಗೋಡೆಯ ಮೊಳೆಗೆ ನೇತುಹಾಕಿದ ಹಳೆಯ ಕಾರ್ಡುಗಳ ಗೊಂಚಲು.

ಮುತ್ತಿನ ಹೊಳಪಿನ ಬಣ್ಣಗಳು ಇನ್ನೂ ಒಂದು ಮೆಟ್ಟಿಲು ಮೇಲೆ. ಅಲ್ಲಿ ಅಲ್ಯೂಮಿನಿಯಂ ಬದಲು ಅಭ್ರಕದ, ನಮ್ಮ ಹಳ್ಳಿಯ ಮಾತಿನ ಕಾಗೆಬಂಗಾರದ, ಚಕ್ಕೆಗಳಿರುತ್ತವೆ. ಅವುಗಳ ಮೈಗೆ ನ್ಯಾನೋಮೀಟರ್‌ಗಳಲ್ಲಿ ಅಳೆಯುವಷ್ಟು ತೆಳುವಾದ ಟೈಟಾನಿಯಂ ಡೈಆಕ್ಸೈಡ್ ಲೇಪ. ಲೇಪದ ಮೇಲಿನಿಂದ ಚಿಮ್ಮಿದ ಬೆಳಕೂ ಅಡಿಯಿಂದ ಚಿಮ್ಮಿದ ಬೆಳಕೂ ಕೂಡಿ ಕೆಲವು ಬಣ್ಣ ಬಲಗೊಳ್ಳುತ್ತವೆ, ಕೆಲವು ಅಳಿಯುತ್ತವೆ. ಕಪ್ಪೆಚಿಪ್ಪಿನ ಒಳಮೈ ಹೊಳೆಯುವುದೂ ಈ ವ್ಯತಿಕರಣದಿಂದಲೇ. ಸಿ.ವಿ. ರಾಮನ್ 1930ರ ದಶಕದಲ್ಲಿ ಬೆಂಗಳೂರಿನಲ್ಲಿ ಕೂತು ಚಿಪ್ಪುಗಳ, ಹಕ್ಕಿಗರಿಗಳ ಇಂಥ ಬಣ್ಣಗಳನ್ನೇ ಪರೀಕ್ಷಿಸುತ್ತಿದ್ದರು. ಇಂದು ಅಭ್ರಕದ ಜಾಗಕ್ಕೆ ಕೃತಕವಾಗಿ ಬೆಳೆಸಿದ ಅಲ್ಯೂಮಿನಾ ಚಕ್ಕೆಗಳೂ ಬಂದಿವೆ. ‘ಕ್ಸಿರಾಲಿಕ್’ ಹೆಸರಿನ ಅಂಥ ವರ್ಣಕವನ್ನು ಮೆರ್ಕ್ ಕಂಪನಿ ಜಗತ್ತಿಗೆಲ್ಲ ಒಂದೇ ಕಾರ್ಖಾನೆಯಲ್ಲಿ, ಜಪಾನಿನ ಫುಕುಶಿಮಾ ಪ್ರಾಂತ್ಯದ ಒನಹಾಮಾದಲ್ಲಿ, ತಯಾರಿಸುತ್ತಿತ್ತು. 2011ರ ಮಾರ್ಚ್ ಭೂಕಂಪ, ಸುನಾಮಿ, ಅಣುಸ್ಥಾವರದ ದುರಂತ ಅದನ್ನು ನಿಲ್ಲಿಸಿದಾಗ ಅಮೆರಿಕದ ಫೋರ್ಡ್ ಕಂಪನಿ ಒಂದು ಕಪ್ಪು ಮತ್ತು ಕೆಲವು ಕೆಂಪು ಬಣ್ಣಗಳ ಆರ್ಡರ್ ತೆಗೆದುಕೊಳ್ಳುವುದನ್ನೇ ತಡೆಹಿಡಿಯಿತು. ಕಾರಿನ ಮಿನುಗು ಎಷ್ಟು ಸಪೂರ ದಾರಕ್ಕೆ ನೇತುಬಿದ್ದಿದೆ ಎಂಬುದು ಹೊರಗಿನವರಿಗೆ ಗೊತ್ತಾದದ್ದು ಆಗ.

ಇಷ್ಟು ಹೊತ್ತೂ ಕಾರನ್ನೇ ದೂರಿದೆವು. ನೋಡುವ ಕಣ್ಣಿನದೂ ಪಾಲಿದೆ. ನಮ್ಮ ಅಕ್ಷಿಪಟಲದಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಮೂರೇ ಬಗೆ. 400ರಿಂದ 700 ನ್ಯಾನೋಮೀಟರ್‌ವರೆಗಿನ ಇಡೀ ರೋಹಿತ ಏನೇ ಕಥೆ ಹೇಳಿದರೂ ಕಣ್ಣು ಅದನ್ನು ಮೂರು ಅಂಕಿಗಳಿಗೆ ಇಳಿಸಿ ಮಿದುಳಿಗೆ ಕಳಿಸುತ್ತದೆ. ಹಾಗಾಗಿ ಪೂರ್ತಿ ಬೇರೆಯಾದ ಎರಡು ವರ್ಣಕ ಮಿಶ್ರಣಗಳು ಒಂದು ಬೆಳಕಿನಲ್ಲಿ ಅವೇ ಮೂರು ಅಂಕಿಗಳನ್ನು ಕೊಟ್ಟು ಅವಳಿಗಳಂತೆ ಕಾಣಬಹುದು. ಬೆಳಕು ಬದಲಾದರೆ ಅಂಕಿಗಳು ಬೇರೆಯಾಗುತ್ತವೆ, ಅವಳಿಗಳ ಬಣ್ಣ ಬಯಲಾಗುತ್ತದೆ. ವಿಜ್ಞಾನಿಗಳು ಇದಕ್ಕೆ ಮೆಟಮೆರಿಸಂ ಎನ್ನುತ್ತಾರೆ. ಟ್ಯೂಬ್‌ಲೈಟ್ ಕೆಳಗೆ ಒಪ್ಪಿದ ಬಾಗಿಲು ಬೀದಿಯಲ್ಲಿ ಒಪ್ಪದಿರುವುದು ಇದರಿಂದಲೇ. ಸಾಮಾನ್ಯ ಬಿಳಿ ಎಲ್‌ಇಡಿಯ ಬೆಳಕಿನಲ್ಲಿ 450 ನ್ಯಾನೋಮೀಟರ್ ಆಸುಪಾಸಿನ ನೀಲಿ ಎದ್ದು ನಿಂತಿರುತ್ತದೆ, ಕಡುಗೆಂಪು ಸೊರಗಿರುತ್ತದೆ; ಹಗಲಿನ ಬೆಳಕು ಹಾಗಿಲ್ಲ. ಕಾರ್ಖಾನೆಯ ವರ್ಣಕಗಳನ್ನೇ ಬಳಸಿದರೆ ಈ ತೊಂದರೆ ಇಲ್ಲ. ಆದರೆ ಹಳೆಯ ಕಾರುಗಳ ಹಳದಿಯಲ್ಲಿದ್ದ ಸೀಸದ ಕ್ರೋಮೇಟ್ ವಿಷಕಾರಿಯೆಂದು ಹಿಂದೆ ಸರಿದಿದೆ, ಅದರ ಜಾಗಕ್ಕೆ ಬಂದವು ಬೇರೆ ವಸ್ತುಗಳು. ಸಾಲದ್ದಕ್ಕೆ, ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿಯನ್ನು ಸೋಸುತ್ತದೆ. ಗ್ಯಾರೇಜಿನಲ್ಲಿ ಅಪ್ಪ ‘ಸರಿಯಿದೆ’ ಎಂದ ಕಾರ್ಡನ್ನು ಮಗ ‘ಇಲ್ಲ’ ಎಂದರೆ ಇಬ್ಬರೂ ಸರಿಯಾಗಿಯೇ ಹೇಳುತ್ತಿರಬಹುದು.

ಕಣ್ಣನ್ನು ನಂಬದೆ ಅಳತೆಗೆ ಇಳಿದ ಕಥೆ 1931ರಿಂದ ಶುರುವಾಗುತ್ತದೆ. ಆ ವರ್ಷ ಅಂತರರಾಷ್ಟ್ರೀಯ ಬೆಳಕಿನ ಆಯೋಗ ಬಣ್ಣವನ್ನು ಮೂರು ಅಂಕಿಗಳಲ್ಲಿ ಬರೆಯುವ ಪದ್ಧತಿ ಕೊಟ್ಟಿತು. ಅದೇ ವರ್ಷ ಪೌಲ್ ಕುಬೆಲ್ಕ ಮತ್ತು ಫ್ರಾಂಝ್ ಮುಂಕ್, ಬಣ್ಣದ ಪದರ ಎಷ್ಟು ಬೆಳಕು ಹೀರುತ್ತದೆ, ಎಷ್ಟು ಚದುರಿಸುತ್ತದೆ ಎಂಬ ಎರಡೇ ಸಂಗತಿಗಳಿಂದ ಅದು ಕಾಣುವ ಬಗೆಯನ್ನು ಲೆಕ್ಕ ಹಾಕಿ ತೋರಿಸಿದರು. ಬಣ್ಣದಂಗಡಿಯ ಕಂಪ್ಯೂಟರ್ ಸೂತ್ರ ಹೇಳುವುದರ ಹಿಂದೆ ಇರುವುದು ಅವರ ಲೆಕ್ಕವೇ. 1942ರಲ್ಲಿ ಕೊಡ್ಯಾಕ್ ಕಂಪನಿಯ ಡೇವಿಡ್ ಮ್ಯಾಕ್ಆಡಮ್, ಕಣ್ಣಿನ ಸೂಕ್ಷ್ಮತೆ ಎಲ್ಲ ಬಣ್ಣಕ್ಕೂ ಒಂದೇ ಅಲ್ಲ ಎಂದು ಅಳೆದು ತೋರಿಸಿದರು: ಒಂದು ಕಡೆ ಇರುವೆಯಷ್ಟು ವ್ಯತ್ಯಾಸವೂ ಕಾಣುತ್ತದೆ, ಇನ್ನೊಂದು ಕಡೆ ಅದರ ಹತ್ತರಷ್ಟಿದ್ದರೂ ಕಾಣುವುದಿಲ್ಲ. 1976ರಲ್ಲಿ ಬಂದ ‘ಲ್ಯಾಬ್’ ಪದ್ಧತಿ ಇದನ್ನು ತಕ್ಕಮಟ್ಟಿಗೆ ಸರಿದೂಗಿಸಿತು. ಅದರಲ್ಲಿ ಎರಡು ಬಣ್ಣಗಳ ನಡುವಿನ ದೂರಕ್ಕೆ ‘ಡೆಲ್ಟಾ ಇ’ ಎಂದು ಹೆಸರು. ಅದು 1ರ ಆಸುಪಾಸಿದ್ದರೆ ಕಣ್ಣಿಗೆ ಗೊತ್ತಾದರೂ ಆಗಬಹುದು, ಆಗದಿದ್ದರೂ ಇಲ್ಲ. ಇಂದಿನ ಕೈಯಳತೆಯ ಉಪಕರಣಗಳು ಬೆಳಕನ್ನು ಓರೆಯಾಗಿ ಬಿಟ್ಟು, ನೇರ ಪ್ರತಿಫಲನದ ದಿಕ್ಕಿನಿಂದ 15, 25, 45, 75, 110 ಡಿಗ್ರಿಗಳಲ್ಲಿ ಅಳೆಯುತ್ತವೆ. ಚಕ್ಕೆಯಿಲ್ಲದ ಬಣ್ಣಗಳಿಗೆ ಇವು ಅದ್ಭುತ. ಮೆಟಾಲಿಕ್‌ಗೆ ಮಾತ್ರ ಕುಬೆಲ್ಕ-ಮುಂಕರ ಲೆಕ್ಕ ಕೈಕೊಡುತ್ತದೆ, ಏಕೆಂದರೆ ಅವರ ಸಮೀಕರಣದಲ್ಲಿ ಮಲಗಿದ ಕನ್ನಡಿಗಳಿಲ್ಲ. ಯಂತ್ರ ಡಬ್ಬಿಯೊಳಗೆ ಏನಿರಬೇಕೆಂದು ಹೇಳಬಲ್ಲದು. ಗನ್ ಯಾವ ವೇಗದಲ್ಲಿ ಓಡಬೇಕೆಂದು ಹೇಳಲಾರದು.

ಹೀಗೆ ಎಲ್ಲ ದಾರಿಗಳೂ ತುಸು ತುಸು ತಪ್ಪುವುದರಿಂದ, ಕಸುಬಿನವರು ಬಹಳ ಹಿಂದೆಯೇ ಪ್ರಶ್ನೆಯನ್ನೇ ಬದಲಾಯಿಸಿಕೊಂಡರು. ಬಣ್ಣ ನೂರಕ್ಕೆ ನೂರು ಹೊಂದುವುದಿಲ್ಲ. ಹೊಂದಿಲ್ಲವೆಂದು ಗೊತ್ತಾಗದ ಹಾಗೆ ಮಾಡಬಹುದೇ?

ಮಾಡಬಹುದು. ಕಣ್ಣು ಬಣ್ಣವನ್ನು ಅಳೆಯುವುದಿಲ್ಲ, ಪಕ್ಕದ್ದಕ್ಕೆ ಹೋಲಿಸುತ್ತದೆ. ಅದರಲ್ಲೂ ಎರಡು ಬಣ್ಣ ಕೂಡುವ ಗೆರೆ ಚೂಪಾಗಿದ್ದರೆ ಚಿಕ್ಕ ವ್ಯತ್ಯಾಸವನ್ನೂ ಎತ್ತಿ ಹಿಗ್ಗಿಸುತ್ತದೆ. 1860ರ ದಶಕದಲ್ಲೇ ಎರ್ನ್ಸ್ಟ್ ಮಾಖ್ ಇದನ್ನು ಗಮನಿಸಿದ್ದರು. ಮುಂದೆ ಕ್ರೇಕ್, ಓಬ್ರಿಯನ್, ಕಾರ್ನ್‌ಸ್ವೀಟ್ ಎಂಬ ಮೂವರ ಹೆಸರು ಹೊತ್ತ ಭ್ರಮೆಯೊಂದು ಇದನ್ನು ತಲೆಕೆಳಗಾಗಿ ತೋರಿಸಿತು: ನಡುವಿನ ಗೆರೆಯ ಇಕ್ಕೆಲದಲ್ಲಷ್ಟೇ ಛಾಯೆ ಏರಿಳಿಸಿದರೆ, ಒಂದೇ ಬೂದಿಬಣ್ಣದ ಎರಡು ಚೌಕಗಳು ಬೇರೆ ಬೇರೆ ಎಂದು ಕಣ್ಣು ಪ್ರಮಾಣ ಮಾಡುತ್ತದೆ, ಗೆರೆಯ ಮೇಲೆ ಬೆರಳಿಟ್ಟು ಮುಚ್ಚಿದರೆ ಎರಡೂ ಒಂದೇ ಆಗುತ್ತವೆ. ಚೂಪು ಗೆರೆಗೆ ಇಷ್ಟು ಹೆದರುವ ಕಣ್ಣು, ನಿಧಾನಕ್ಕೆ ಬದಲಾಗುವ ಛಾಯೆಯನ್ನು ಕಂಡೂ ಕಾಣದಂತೆ ಬಿಟ್ಟುಬಿಡುತ್ತದೆ.

ಟಚಪ್ ಪೇಂಟರ್ ಬದುಕುತ್ತಿರುವುದು ಈ ಉದಾಸೀನದ ಮೇಲೆ. ಗೀರು ಬಾಗಿಲ ಅಂಚಿನಲ್ಲಿದ್ದರೆ ಅವನು ಹೇಳುತ್ತಾನೆ: “ಸಾರ್, ಡೋರಿಗೊಂದೇ ಹೊಡೆದ್ರೆ ಪ್ಯಾಚ್ ಕಾಣುತ್ತೆ. ಫೆಂಡರಿಗೂ ಸ್ವಲ್ಪ ಇಳಿಸ್ತೀನಿ.” ಗೀರಿನ ಮೇಲೆ ಬಣ್ಣ ಪೂರ್ತಿ ಮುಚ್ಚುವಂತೆ ಹೊಡೆದು, ಅಲ್ಲಿಂದ ದೂರ ಹೋದಂತೆ ಗನ್ನಿನ ಟ್ರಿಗರ್ ಸಡಿಲಿಸುತ್ತಾ, ಮಣಿಕಟ್ಟು ಹೊರಳಿಸುತ್ತಾ, ಫೆಂಡರಿನ ಮೇಲೆ ಒಂದೂವರೆ ಅಡಿಯಲ್ಲಿ ಹೊಸ ಬಣ್ಣವನ್ನು ಇಲ್ಲವಾಗಿಸುತ್ತಾನೆ. ಆಮೇಲೆ ಎರಡೂ ಭಾಗಗಳಿಗೆ ಅಂಚಿನಿಂದ ಅಂಚಿಗೆ ಕ್ಲಿಯರ್. ಕ್ಲಿಯರ್ ಕೋಟನ್ನು ಬಾಗಿಲ ನಡುವೆ ಎಲ್ಲೋ ಮುಗಿಸಬಾರದು. ಆ ಅಂಚು ಇವತ್ತು ಪಾಲಿಶ್‌ನಲ್ಲಿ ಮುಚ್ಚಿಹೋದರೂ ಕೆಲವು ವರ್ಷಗಳಲ್ಲಿ ಸಿಪ್ಪೆಯೇಳುತ್ತದೆ. ಹೊಸ ಬೆಳ್ಳಿಗೂ ಹಳೆಯ ಬೆಳ್ಳಿಗೂ ಇರುವ ವ್ಯತ್ಯಾಸ ಎಲ್ಲೂ ಹೋಗಿಲ್ಲ, ಉಪಕರಣ ಇಟ್ಟರೆ ಅಳೆಯಬಹುದು. ಗಡಿ ಮಾತ್ರ ಇಲ್ಲ.

ಬಂಪರ್‌ನಲ್ಲಿ ಈ ವಿದ್ಯೆಯೂ ಸೋಲುವುದುಂಟು. ಅದು ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕು. ಉಕ್ಕಿನ ಒಡಲಿನ ಕಾವನ್ನು ತಾಳದು, ಆದ್ದರಿಂದ ಸಾಮಾನ್ಯವಾಗಿ ಬೇರೆಯಾಗಿಯೇ, ಕಡಿಮೆ ಉಷ್ಣತೆಯಲ್ಲಿ, ಬಣ್ಣ ಕಂಡಿರುತ್ತದೆ. ಅದರ ಬಾಗು ಫೆಂಡರಿನ ಬಾಗಿಗಿಂತ ಭಿನ್ನವಾದ್ದರಿಂದ ಚಕ್ಕೆಗಳಿಗೆ ಬೆಳಕು ತಾಗುವ ಕೋನವೂ ಭಿನ್ನ. ಷೋರೂಮಿನಿಂದ ಆಗತಾನೆ ಇಳಿದ ಬೆಳ್ಳಿಬಣ್ಣದ ಕಾರುಗಳಲ್ಲೂ ಬಂಪರ್ ಒಂದು ಛಾಯೆ ಬೇರೆಯಿರುವುದನ್ನು ನೋಡಬಹುದು. ರಿಪೇರಿ ಆಗುವವರೆಗೆ ಅದನ್ನು ಯಾರೂ ನೋಡಿರುವುದಿಲ್ಲ, ಅಷ್ಟೇ.

ಕಲ್ಲು ಸಿಡಿದು ಆದ ಅಕ್ಕಿಕಾಳಿನಷ್ಟು ಗಾಯಕ್ಕೆ ಇಷ್ಟೆಲ್ಲ ಬೇಡ. ಗುರುತು ನೋಡಿ ತಂದ ಪುಟ್ಟ ಟಚಪ್ ಬಾಟಲಿ, ಬೆಂಕಿಕಡ್ಡಿಯ ತುದಿ, ತೆಳುವಾಗಿ ಎರಡು ಮೂರು ಸಲ ತುಂಬುವುದು, ಸಾಕು. ಅಲ್ಲಿ ಬಣ್ಣ ಹೊಂದುವುದಕ್ಕಿಂತ ತುಕ್ಕು ನಿಲ್ಲುವುದು ಮುಖ್ಯ. ಆದರೆ ಮನೆಯಂಗಳದಲ್ಲೇ ಗನ್ ಹಿಡಿಯುವ ಉಮೇದಿದ್ದರೆ ಒಂದು ವಿಷಯ ಗೊತ್ತಿರಲಿ. ಹಾರ್ಡ್ನರ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕಗಳಿವೆ. ಅವುಗಳ ಮಂಜು ಶ್ವಾಸಕೋಶಕ್ಕೆ ಹೊಕ್ಕರೆ ಜೀವನಪೂರ್ತಿ ಕಾಡುವ ಅಸ್ತಮಾ ಬರಬಹುದು. ಮೂಗಿಗೆ ಕಟ್ಟಿದ ಕರವಸ್ತ್ರವೂ ಧೂಳಿನ ಮಾಸ್ಕೂ ಅದನ್ನು ತಡೆಯುವುದಿಲ್ಲ. ನಮ್ಮ ಬೀದಿ ಬದಿಯ ಎಷ್ಟೋ ಶೆಡ್‌ಗಳಲ್ಲಿ ಹುಡುಗರು ಹಾಗೇ ಹೊಡೆಯುತ್ತಿರುವುದು ಈ ಕಸುಬಿನ ದೊಡ್ಡ ಅನ್ಯಾಯ.

ರಿಪೇರಿಯಾದ ಕಾರನ್ನು ಬಿಡಿಸಿಕೊಳ್ಳಲು ದೀಪ ಹಚ್ಚಿದ ಮೇಲೆ ಹೋಗಬೇಡಿ. ಹಗಲಿದ್ದಾಗ ಹೋಗಿ, ಕಾರನ್ನು ಶೆಡ್ಡಿನಿಂದ ಹೊರಗೆ ತರಿಸಿ, ಕೆಂಪು ಗೋಡೆ, ಹಸಿರು ಟಾರ್ಪಾಲಿನಂಥವು ಹತ್ತಿರ ಇಲ್ಲದ ಕಡೆ ನಿಲ್ಲಿಸಿ, ಎದುರಿನಿಂದಲೂ ಎರಡೂ ಓರೆಗಳಿಂದಲೂ ನೋಡಿ. ಎರಡು ಮಾರು ದೂರದಿಂದ ಗಡಿ ಕಾಣದಿದ್ದರೆ ಕೆಲಸ ಚೆನ್ನಾಗಿದೆ. ಬಿಲ್ಲಿನಲ್ಲಿ, ಏಟೇ ಬೀಳದ ಪಕ್ಕದ ಫೆಂಡರಿನ ಕೂಲಿಯೂ ಸೇರಿರುತ್ತದೆ. ಅದರ ಬಗ್ಗೆ ಮಾತ್ರ ದಯವಿಟ್ಟು ಚೌಕಾಸಿ ಮಾಡಬೇಡಿ.